ಬೇಸಿಗೆಗೆ ಲಾಳ, ಮಳೆಗಾಲಕ್ಕೆ ಬರಿಗಾಲು

ವಿಜಯನಗರದ ಕಾಲದಲ್ಲಿ ಭಟ್ಕಳದ ಬಂದರಿನಲ್ಲಿ ಇಳಿದ ಅರಬ್ಬಿ ಕುದುರೆಗಳು ಘಟ್ಟ ಹತ್ತಿ ರಾಜಧಾನಿಗೆ ಹೋಗುತ್ತಿದ್ದವು. ಅದೇ ಜಿಲ್ಲೆಯಲ್ಲಿ, ಶಿರಸಿಯ ಹೊರಗಿನ ನಮ್ಮ ಊರಿನಲ್ಲಿ, ಇಂದು ನನ್ನ ಒಂದು ಹೆಣ್ಣು ಕುದುರೆಗೆ ಲಾಳ ಕಟ್ಟಿಸಬೇಕೆಂದರೆ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಯಿಂದ ಲಾಳ ಕಟ್ಟುವ ನಾಲಬಂದರನ್ನು ಕರೆಸಬೇಕು. ಲಾಳ ಸವೆಯದಿದ್ದರೂ ಗೊರಸು ಬೆಳೆಯುತ್ತಲೇ ಇರುವುದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಅದನ್ನು ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಬೇಕು. ಖರ್ಚಿನ ಲೆಕ್ಕದಲ್ಲಿ ನೋಡಿದರೆ ಬರಿಗಾಲೇ ಲೇಸು ಎಂದು ಮೊದಲ ವರ್ಷ ನಾನೂ ಅಂದುಕೊಂಡಿದ್ದೆ.

ನಮ್ಮ ಮನೆಯಿಂದ ಡಾಂಬರು ರಸ್ತೆಯವರೆಗಿನ ದಾರಿ ಪೂರ್ತಿ ಜಂಬಿಟ್ಟಿಗೆಯ ಹರಳು. ಮಾರ್ಚ್ ತಿಂಗಳಲ್ಲಿ ಕುದುರೆ ದಾರಿಯ ನಡುವೆ ಕಾಲಿಡಲು ಹಿಂಜರಿದು ಅಂಚಿನ ಹುಲ್ಲನ್ನೇ ಹುಡುಕಿಕೊಂಡು ನಡೆಯತೊಡಗಿದಾಗ, ಮುಂಗಾಲೊಂದರಲ್ಲಿಯೂ ಹಿಂಗಾಲೊಂದರಲ್ಲಿಯೂ ಕೂದಲ ಅಂಚಿನ ಕೆಳಗೆ ಗೊರಸಿನ ಮೇಲೆ ಅರದಿಂದ ಸಣ್ಣ ಗೀರೊಂದನ್ನು ಎಳೆದಿಟ್ಟೆ. ಎರಡು ತಿಂಗಳಲ್ಲಿ ಮುಂಗಾಲಿನ ಗೀರು 16 ಮಿಲಿಮೀಟರ್ ಕೆಳಗಿಳಿದಿತ್ತು. ಆದರೆ ಗೊರಸಿನ ಒಟ್ಟು ಉದ್ದ 5 ಮಿಲಿಮೀಟರ್ ಕಡಿಮೆಯಾಗಿತ್ತು. ಅಂದರೆ 16 ಬೆಳೆದು 21 ಸವೆದಿದೆ. ಹಿಂಗಾಲಿನಲ್ಲಿ ಬೆಳೆದದ್ದೂ ಸವೆದದ್ದೂ ಸರಿಸಮ. ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆ ಬೀಳುವುದರಿಂದ ಇದರಲ್ಲಿ ಅಚ್ಚರಿಯೇನಿಲ್ಲ. ಆಗಲೇ ಮುಂಗಾಲೆರಡಕ್ಕೆ ಮಾತ್ರ ಲಾಳ ಕಟ್ಟಿಸಿದೆ. ವಾರದೊಳಗೆ ಅದು ಹರಳಿನ ಮೇಲೆ ಧೈರ್ಯದಿಂದ ಹೆಜ್ಜೆ ಹಾಕಿತು.

ನನ್ನ ತಪ್ಪು ನಡೆದದ್ದು ಜೂನ್‌ನಲ್ಲಿ. ಮಳೆ ಹಿಡಿದ ಮೇಲೂ ಲಾಳವನ್ನು ಬಿಚ್ಚಿಸಲಿಲ್ಲ. ಇಲ್ಲಿಯ ಮಳೆಯಲ್ಲಿ ಗೊರಸು ನೆನೆದ ಅಡಿಕೆ ಹಾಳೆಯಂತೆ ಮೆತ್ತಗಾಗುತ್ತದೆ, ಮೊಳೆಯ ಹಿಡಿತ ಸಡಿಲುತ್ತದೆ. ಗದ್ದೆಯಂಚಿನ ಕೆಸರಿನಲ್ಲಿ ಹೂತ ಮುಂಗಾಲನ್ನು ಅದು ಎತ್ತುವಷ್ಟರಲ್ಲಿ ಹಿಂಗಾಲು ಬಂದು ಲಾಳದ ಹಿಂತುದಿಯನ್ನು ಮೆಟ್ಟಿತು. ಲಾಳ ಕಿತ್ತು ಬಂದಾಗ ಎರಡು ಮೊಳೆಗಳ ಜೊತೆಗೆ ಗೊರಸಿನ ಹೊರಗೋಡೆಯ ಹೆಬ್ಬೆರಳಿನಷ್ಟು ಅಗಲದ ತುಂಡೂ ಬಂತು. ಇನ್ನೊಂದು ಲಾಳವನ್ನು ಬಿಚ್ಚಲು ಬಂದ ನಾಲಬಂದರು ಒಂದೇ ಮಾತು ಹೇಳಿದರು: “ಮಳಿ ಮುಗಿಯೂತನಕ ಲಾಳದ ಮಾತು ತಗೀಬ್ಯಾಡ್ರಿ ಸರ, ಮೊಳಿ ಹಿಡಿಯೂದಿಲ್ಲ.” ಪಾಚಿಗಟ್ಟಿದ ಜಂಬಿಟ್ಟಿಗೆಯ ಮೇಲೆ ಕಬ್ಬಿಣ ಜಾರುವಷ್ಟು ಬರಿಗೊರಸು ಜಾರುವುದಿಲ್ಲ ಎಂಬುದನ್ನು ಆಮೇಲೆ ನಾನೇ ಕಂಡೆ.

ಹಾಗೆಂದು ಬರಿಗಾಲು ಬಿಟ್ಟರೆ ಆರೈಕೆ ಮುಗಿಯಿತೆಂದಲ್ಲ. ಜುಲೈನಲ್ಲಿ ಕಾಲೆತ್ತಿ ಗೊರಸು ಕೆರೆಯುವಾಗ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಅಡಿಭಾಗದ ನಡುವೆ ತ್ರಿಕೋನಾಕಾರದಲ್ಲಿರುವ ಮೆತ್ತನೆಯ ಭಾಗದ ಸಂದಿಯಿಂದ ಕಪ್ಪು ಕೀವಿನಂಥದ್ದು ಒಸರುತ್ತಿತ್ತು. ದನದ ಕೊಟ್ಟಿಗೆಯ ರೂಢಿಯಂತೆ ಕುದುರೆಯ ಕಾಲಡಿಗೂ ನಾವು ಹಸಿ ಸೊಪ್ಪು ಹಾಸುತ್ತಿದ್ದೆವು. ಗಂಜಲ ಕುಡಿದು ಸೊಪ್ಪು ಒಳ್ಳೆಯ ಗೊಬ್ಬರವಾಗುತ್ತದೆ ನಿಜ, ಗೊರಸೂ ಅದರೊಂದಿಗೇ ಕೊಳೆಯುತ್ತದೆ! ಸೊಪ್ಪು ನಿಲ್ಲಿಸಿ, ನೆಲ ಒಣಗಿಸಿ, ಮರದ ಹೊಟ್ಟು ಹಾಸಿ, ಪಶುವೈದ್ಯರು ಹೇಳಿದಂತೆ ದಿನವೂ ತೊಳೆದು ಒರೆಸಿ ಔಷಧ ಹಚ್ಚಿದ ಮೇಲೆ ವಾಸನೆ ಹೋಯಿತು.

ಲಾಳವೇ ಹಿಂಸೆ ಎನ್ನುವವರ ಮಾತಾಗಲಿ, ಲಾಳವಿಲ್ಲದ ಕುದುರೆ ಕೆಲಸಕ್ಕೆ ಬಾರದು ಎನ್ನುವವರ ಮಾತಾಗಲಿ ನನಗೆ ಈಗ ಹಿಡಿಸುವುದಿಲ್ಲ. ಇಬ್ಬರೂ ದಾರಿಯನ್ನು ನೋಡದೆ ಮಾತನಾಡುತ್ತಾರೆ. ದೀಪಾವಳಿ ಕಳೆದು ದಾರಿ ಒಣಗಿದ ಮೇಲೆ ಮುಂಗಾಲುಗಳಿಗೆ ಲಾಳ ಕಟ್ಟಿಸಿ, ಮೇ ಕೊನೆಗೆ ಬಿಚ್ಚಿಸುವುದೆಂದು ನಿರ್ಧರಿಸಿದ್ದೇನೆ. ಹಿಂಗಾಲುಗಳ ತಂಟೆಗೆ ಹೋಗುವುದಿಲ್ಲ. ಜೂನ್‌ನಲ್ಲಿ ಮುರಿದ ಅಂಚು ಬೆಳೆದು ಬೆಳೆದು ಈಗ ನೆಲದ ಹತ್ತಿರಕ್ಕೆ ಬಂದಿದೆ. ಇನ್ನೊಂದು ಸಲ ಅರ ಹಾಕಿದರೆ ಅದರ ಗುರುತೂ ಹೋಗುತ್ತದೆ.