‘ನಾಳೆ ಬಾ’ ಅನ್ನುವುದರ ಲೆಕ್ಕ

ವಿಧವಾ ವೇತನ ತಿಂಗಳಿಗೆ 800 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಮುಂಡರಗಿ ಕಡೆಯ ಹಳ್ಳಿಯಿಂದ ನಾಡಕಚೇರಿಗೆ ಬಂದ ಹೆಣ್ಣುಮಗಳಿಗೆ ಕಿಟಕಿಯ ಆಚೆ ಕುಂತವರು ಎರಡು ಸಲ ‘ನಾಳೆ ಬಾ’ ಅಂದರೆ ಎರಡು ದಿನದ ಕೂಲಿ 740 ರೂಪಾಯಿ ಹೋಯಿತು. ಇನ್ನೂ ಮಂಜೂರೇ ಆಗದ ವೇತನದ ಮೊದಲ ತಿಂಗಳು ಬಹುತೇಕ ಅಲ್ಲಿಗೇ ಮುಗಿಯಿತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಹಂಗಾಗಿ ‘ಬಂದು ಹೋಗಾಕ ಏನ್ ಖರ್ಚದ’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ತಪ್ಪಿದ ಕೂಲಿ ಅವರ ಲೆಕ್ಕಕ್ಕೆ ಬರುವುದೇ ಇಲ್ಲ.

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಅಂತಃಕರಣಕ್ಕೆ ಬರವಿಲ್ಲ. ಮಠಗಳಲ್ಲಿ ದಾಸೋಹ ನಿಲ್ಲುವುದಿಲ್ಲ, ಜಾತ್ರೆಗೆ ರೊಟ್ಟಿ ಬಡಿದು ಕಳಿಸದ ಊರಿಲ್ಲ. ಅನ್ನ ನೀಡುವಾಗ ಇರುವ ಆ ಕಳಕಳಿ ಕಾಗದಪತ್ರದ ಹತ್ತಿರ ಬಂದಕೂಡಲೇ ಯಾಕೆ ಆರಿಹೋಗುತ್ತದೆ ಎಂಬುದೇ ನನ್ನ ಪ್ರಶ್ನೆ. ರೊಕ್ಕ, ಕುರ್ಚಿ, ವಶೀಲಿ ಇದ್ದವರಿಗೆ ಕಾಗದ ತಾನಾಗಿಯೇ ನಡೆದು ಬರುತ್ತದೆ. ಇಲ್ಲದವರು ಅದರ ಹಿಂದೆ ಓಡಬೇಕು. ಇನ್ನೊಬ್ಬರ ಕಷ್ಟ ಅರಿಯುವುದೆಂದರೆ ಅವರ ಒಂದು ದಿನಕ್ಕೆ, ಅವರ ಹೆಸರಿಗೆ, ಅವರ ಮಾತಿಗೆ ನಮ್ಮದಕ್ಕಿರುವಷ್ಟೇ ಬೆಲೆ ಕೊಟ್ಟು ಕೆಲಸ ಮಾಡುವುದು ಎಂದು ನಾನು ತಿಳಿದಿದ್ದೇನೆ. ಅದನ್ನು ಮಾಡುವ ಬಗೆಯನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಸಾವಿನ ಮನೆಯಿಂದ ಶುರು ಮಾಡಬೇಕು. ದುಡಿಯುವ ಗಂಡಸು ತೀರಿಕೊಂಡ ಮನೆಗೆ ನಾವು ಬುತ್ತಿ ಒಯ್ಯುತ್ತೇವೆ, ಕುಂತು ನಾಲ್ಕು ಮಾತು ಆಡಿ ಬರುತ್ತೇವೆ. ಮರಣ ನೋಂದಣಿಯ ಗಡುವು ನಡೆಯುವುದು ಅದೇ ದಿನಗಳಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನ ದಾಟಿದರೆ ಶುಲ್ಕದ ಜೊತೆ ಮೇಲಿನವರ ಲಿಖಿತ ಅನುಮತಿ ಬೇಕು. ವರ್ಷ ದಾಟಿತೆಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿಯೇ ಇಲ್ಲ. ಆಗ ವಕೀಲರು, ಅಫಿಡವಿಟ್ಟು, ಮತ್ತೆ ಮತ್ತೆ ಓಡಾಟ. ಮನೆಯಲ್ಲೇ ಆದ ಸಾವುಗಳಲ್ಲಿ ಈ ಪೇಚು ಹೆಚ್ಚು, ಏಕೆಂದರೆ ತಿಳಿಸುವ ಹೊಣೆ ಮನೆಯವರದೇ. ದಿನಕರ್ಮದ ಗದ್ದಲದಲ್ಲಿ ಮೂರು ವಾರ ಹೋದದ್ದೇ ಗೊತ್ತಾಗುವುದಿಲ್ಲ. ಆದ್ದರಿಂದ ಓದುಬರಹ ಬಲ್ಲ ನೆರೆಯವರು ಐದನೆಯ ದಿನವೋ ಏಳನೆಯ ದಿನವೋ ಮನೆಯ ಹಿರಿಯರ ಕಿವಿಯಲ್ಲಿ ಮೆಲ್ಲಗೆ ಈ ಮಾತು ಹಾಕಬೇಕು. ತೀರಿಕೊಂಡವರ ಆಧಾರ್ ಇಸಿದುಕೊಂಡು ತಾವೇ ಜೊತೆಗೆ ಹೋಗಿ ಬರುವುದು ಇನ್ನೂ ಒಳ್ಳೆಯದು. ಹಳ್ಳಿಯಲ್ಲಾದರೆ ತಲಾಟಿಯವರಲ್ಲೋ ಪಂಚಾಯ್ತಿಯಲ್ಲೋ ವಿಚಾರಿಸಿ, ಹುಬ್ಬಳ್ಳಿ-ಧಾರವಾಡದಲ್ಲಾದರೆ ಮಹಾನಗರ ಪಾಲಿಕೆಯಲ್ಲಿ. ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ಒಮ್ಮೆಲೇ ತೆಗೆಸಿಡಿ. ಬ್ಯಾಂಕು, ವಿಮೆ, ಹೊಲದ ಪೌತಿ ಖಾತೆ (ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಮಾಡುವುದು), ರೇಷನ್ ಕಾರ್ಡು, ಎಲ್ಲರೂ ಅದನ್ನೇ ಕೇಳುತ್ತಾರೆ.

ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ತಿಳಿಸುತ್ತಾರೆ, ಆದರೆ ಅಲ್ಲಿ ಬೇರೆ ತೊಡಕಿದೆ. ಭರ್ತಿ ಮಾಡುವ ಗಾಬರಿಯಲ್ಲಿ ಯಾರೋ ಬಾಯಿಗೆ ಬಂದ ಹೆಸರು ಹೇಳಿರುತ್ತಾರೆ. ಕೇಸ್ ಪೇಪರಿನಲ್ಲಿ ‘ಬಸಪ್ಪ’, ಆಧಾರಿನಲ್ಲಿ ‘ಬಸವರಾಜ’. ಪ್ರಮಾಣಪತ್ರ ಕೇಸ್ ಪೇಪರಿನ ಹೆಸರಲ್ಲಿ ಹೊರಬೀಳುತ್ತದೆ. ಆಮೇಲೆ ಹೆಂಡತಿ ಇಬ್ಬರೂ ಒಬ್ಬನೇ ಎಂದು ರುಜುವಾತು ಮಾಡುತ್ತ ತಿರುಗಬೇಕು. ಬಡವರ ಕೂಡ ಆಸ್ಪತ್ರೆಗೆ ಹೋದವರು ಅಡ್ಮಿಷನ್ ಕಿಟಕಿಯಲ್ಲಿ ಆಧಾರ್ ಝೆರಾಕ್ಸ್ ಕೊಟ್ಟು ‘ಇದರಾಗ ಇದ್ದಂಗ ಬರೀರಿ’ ಎಂದಷ್ಟೇ ಹೇಳಿದರೂ ಮುಂದೆ ತಿಂಗಳುಗಟ್ಟಲೆ ಅಲೆದಾಟ ತಪ್ಪುತ್ತದೆ.

ಹೆಸರಿನ ಈ ಕಾಟ ನಮ್ಮ ಸೀಮೆಯಲ್ಲಿ ಇನ್ನೊಂದು ರೂಪದಲ್ಲೂ ಇದೆ. ಊರಲ್ಲಿ ಆಕೆ ನೀಲವ್ವ. ರೇಷನ್ ಕಾರ್ಡಿನಲ್ಲೂ ನೀಲವ್ವ. ಆಧಾರ್ ಮಾಡಿಸುವಾಗ ಕಂಪ್ಯೂಟರಿನ ಮುಂದಿದ್ದ ಹುಡುಗ ‘ನೀಲಮ್ಮ’ ಎಂದು ಒತ್ತಿರುತ್ತಾನೆ. ಬ್ಯಾಂಕಿನಲ್ಲಿ ಗಂಡನ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ಆಧಾರಿನಲ್ಲಿ ಅಡ್ಡಹೆಸರೇ ಇಲ್ಲ. ಅರ್ಜಿ ಹಾಕಿದ ಮೇಲೆ ಇದು ಗೊತ್ತಾದರೆ ಅರ್ಜಿ ವಾಪಸ್ಸು ಬರುತ್ತದೆ, ಮತ್ತೆ ಮೊದಲಿನಿಂದ ಶುರು. ಅದಕ್ಕೇ ಮನೆ ಬಿಡುವ ಮುಂಚೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಮರಣ ಪ್ರಮಾಣಪತ್ರ, ಈ ನಾಲ್ಕನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟು, ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಬೇಕು. ಹತ್ತು ನಿಮಿಷದ ಕೆಲಸ. ತಪ್ಪಿದ್ದರೆ ಆಧಾರನ್ನು ಮೊದಲು ಸರಿಪಡಿಸಿ ಆಮೇಲೆ ಉಳಿದದ್ದು, ಯಾಕಂದರೆ ಉಳಿದವರೆಲ್ಲ ನೋಡುವುದು ಆಧಾರಿನ ಕಡೆಗೇ. ‘ನಿನ್ನ ಹೆಸರೇ ನಿನಗ ಗೊತ್ತಿಲ್ಲೇನು’ ಎಂದು ಕೌಂಟರಿನಲ್ಲಿ ಗದರಿಸುವುದನ್ನು ಕೇಳಿದಾಗ ಮೈ ಉರಿಯುತ್ತದೆ. ಆಕೆಗೆ ತನ್ನ ಹೆಸರು ಚೆನ್ನಾಗಿ ಗೊತ್ತಿದೆ. ಕೆಡಿಸಿದವರು ಬೇರೆ, ದಂಡ ತೆರುವವಳು ಆಕೆ.

ಇನ್ನು ಬೆರಳಚ್ಚು. ಸಿಮೆಂಟು ಕಲಸಿದ, ಇಟ್ಟಂಗಿ ಹೊತ್ತ, ಮೂವತ್ತು ವರ್ಷ ನಾಲ್ಕು ಮನೆಯ ಭಾಂಡೆ ತಿಕ್ಕಿದ ಕೈಗಳಲ್ಲಿ ಗೆರೆ ಸವೆದುಹೋಗಿರುತ್ತವೆ. ಯಂತ್ರ ಒಪ್ಪುವುದಿಲ್ಲ. ‘ನಿಂದು ಬರವೊಲ್ದು, ಹೋಗು’ ಎಂದು ಬಿಡುತ್ತಾರೆ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತೂ ಬೆರಳು ನಡೆಯುತ್ತವೆ. ಕೈ ಒಣಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಒಂದಿಷ್ಟು ಆರಲು ಬಿಟ್ಟು, ಯಂತ್ರದ ಗಾಜನ್ನೂ ಒರೆಸಿ, ಉಂಗುರ ಬೆರಳು ನಡುಬೆರಳು ಒಂದೊಂದಾಗಿ ಇಡಿಸಿ ನೋಡಿ. ಗಟ್ಟಿಯಾಗಿ ಒತ್ತಿದರೆ ಗೆರೆ ಚಪ್ಪಟೆಯಾಗಿ ಮತ್ತೂ ಕೆಡುತ್ತದೆ, ಹಗುರಾಗಿ ಇಡಲು ಹೇಳಿ. ಅದಕ್ಕೂ ಆಗದಿದ್ದರೆ ಕಣ್ಣಿನ ಗುರುತೋ ಮುಖದ ಗುರುತೋ ಆಗುತ್ತದೆಯೇ ಎಂದು ಕೇಳಿ, ಮೊಬೈಲಿಗೆ ಬರುವ ಓಟಿಪಿಯೂ ಒಂದು ದಾರಿ. ಆದರೆ ಆಧಾರಿಗೆ ಕೊಟ್ಟ ನಂಬರು ಗೋವಾಕ್ಕೆ ದುಡಿಯಲು ಹೋದ ಮಗನ ಜೇಬಿನಲ್ಲಿರುತ್ತದೆ. ಆತನಿಗೆ ಹಿಂದಿನ ದಿನವೇ ಫೋನು ಮಾಡಿ, ಇಂಥ ಹೊತ್ತಿಗೆ ಎತ್ತಬೇಕೆಂದು ಹೇಳಿಟ್ಟಿರಬೇಕು.

ಅರ್ಜಿ ಕೊಟ್ಟಮೇಲೆ ಬರಿಗೈಯಲ್ಲಿ ಎದ್ದು ಬರಬೇಡಿ. ಸರ್ಕಾರಿ ಸೇವೆಗಳಿಗೆ ಇಂತಿಷ್ಟು ದಿನವೆಂದು ಗಡುವು ಹಾಕಿದ ಸಕಾಲ ಕಾಯ್ದೆ ಬಂದದ್ದು 2011ರಲ್ಲಿ, ರಾಜ್ಯದ ತುಂಬ ಜಾರಿಯಾದದ್ದು 2012ರ ಏಪ್ರಿಲ್ 2ರಂದು. ಅದರ ಪ್ರಕಾರ ಅರ್ಜಿಗೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಸಿಗಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದ ನೌಕರರ ಕಡೆಯಿಂದ. ರೊಕ್ಕ ಸಣ್ಣದು. ಚೀಟಿಯ ಬೆಲೆ ದೊಡ್ಡದು. ಅದು ಕೈಯಲ್ಲಿದ್ದರೆ ‘ನಿನ್ನ ಅರ್ಜಿ ಬಂದೇ ಇಲ್ಲ’ ಎಂಬ ಮಾತು ನಡೆಯುವುದಿಲ್ಲ. ‘ಸರ್ವರ್ ಡೌನ್ ಐತಿ, ಕಾಗದ ಇಟ್ಟು ಹೋಗು’ ಅಂದರೆ ಕಾಗದ ಇಟ್ಟು ಬರಬೇಡಿ. ಸಂಖ್ಯೆ ಬಾರದೆ ಇಟ್ಟುಬಂದ ಕಾಗದಕ್ಕೆ ಗಡುವು ಶುರುವಾಗುವುದಿಲ್ಲ, ಕಳೆದರೆ ಕೇಳುವವರೂ ಇಲ್ಲ. ಆ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂದೆ ದಪ್ಪಕ್ಷರದಲ್ಲಿ ಬರೆದಿಡಿ. ಚೀಟಿಯ ಶಾಯಿ ಬೇಸಿಗೆಯಲ್ಲಿ ಮಾಸಿಹೋಗುತ್ತದೆ.

ಜೊತೆಗೆ ಹೋದವರು ಹೇಗೆ ನಿಲ್ಲಬೇಕು ಎಂಬುದೂ ಕಲಿಯಬೇಕಾದ ಕೆಲಸ. ಇಸ್ತ್ರಿ ಅಂಗಿಯವರನ್ನು ಕಂಡಕೂಡಲೇ ಗುಮಾಸ್ತರ ಕಣ್ಣು ಅವರ ಕಡೆ ತಿರುಗುತ್ತದೆ. ಅರ್ಜಿದಾರಳು ಪಕ್ಕದಲ್ಲೇ ನಿಂತಿದ್ದರೂ ‘ಇವರದು ಏನ್ರಿ ಸರ್?’ ಎಂದು ನಮ್ಮನ್ನು ಕೇಳುತ್ತಾರೆ. ಆಗ ಅರ್ಧ ಹೆಜ್ಜೆ ಹಿಂದೆ ಸರಿದು, ‘ಅವರನ್ನ ಕೇಳ್ರಿ, ಹೇಳ್ತಾರ’ ಅನ್ನಬೇಕು. ಆಕೆ ತಡವರಿಸಿ ಹೇಳಲಿ, ಹೊತ್ತು ಹಿಡಿಯಲಿ. ಮುಂದಿನ ಸಲ ನಾವಿಲ್ಲದೆ ಬಂದಾಗ ಆ ಗುಮಾಸ್ತರಿಗೆ ಆಕೆಯ ಮುಖ ಗೊತ್ತಿರುತ್ತದೆ, ಆಕೆಗೆ ಕಿಟಕಿಯ ಹೆದರಿಕೆ ಹೋಗಿರುತ್ತದೆ. ಎಲ್ಲವನ್ನೂ ನಾವೇ ಹೇಳಿಬಿಟ್ಟರೆ ಆಕೆಯ ಪಾಲಿಗೆ ಇನ್ನೊಬ್ಬ ಸಾಹೇಬರು ಹುಟ್ಟಿದಂತೆ, ಅಷ್ಟೇ.

ವಶೀಲಿ ಬಗ್ಗೆ ನೇರವಾಗಿ ಹೇಳುತ್ತೇನೆ. ತಹಶೀಲ್ದಾರರ ನಂಬರು ಮೊಬೈಲಿನಲ್ಲಿದ್ದವರು ಒಂದು ಫೋನು ಹೊಡೆದು ತಮ್ಮ ಮನೆಗೆಲಸದವಳ ಫೈಲು ಮುಂದೆ ತರಿಸಬಲ್ಲರು. ಮನಸ್ಸು ಒಳ್ಳೆಯದೇ. ಆದರೆ ಅದೇ ಕಟ್ಟಿನಲ್ಲಿ ಫೋನಿಲ್ಲದ ಇನ್ನೊಬ್ಬಳ ಫೈಲು ಒಂದು ಕೆಳಗೆ ಇಳಿಯಿತು. ಆಕೆಯ ಮುಖ ನಮಗೆ ಕಾಣುವುದಿಲ್ಲ, ಅದಕ್ಕೇ ನಮಗೆ ಹಗುರ. ಫೋನು ಮಾಡುವ ತಾಕತ್ತಿದ್ದವರು ಅದನ್ನು ಎಲ್ಲರಿಗೂ ಮುಟ್ಟುವಂಥದ್ದಕ್ಕೆ ಬಳಸಲಿ. ಕಿಟಕಿಯ ಮುಂದೆ ತಗಡಿನ ನೆರಳು, ಕುಂದಿರಲು ಎರಡು ಬಾಂಕು, ಕುಡಿಯುವ ನೀರು, ಬೇಕಾದ ಕಾಗದಗಳ ಪಟ್ಟಿ ದೊಡ್ಡ ಕನ್ನಡ ಅಕ್ಷರದಲ್ಲಿ ಗೋಡೆಯ ಮೇಲೆ. ಆ ಪಟ್ಟಿಯೊಂದಿದ್ದರೆ ಬರೀ ಒಂದು ಝೆರಾಕ್ಸ್ ಇಲ್ಲವೆಂದು ವಾಪಸ್ಸು ಹೋಗುವವರ ಸಂಖ್ಯೆ ಇಳಿಯುತ್ತದೆ. ಇದಕ್ಕೆ ದೊಡ್ಡ ಅನುದಾನ ಬೇಡ, ಕೇಳುವವರು ಬೇಕು. ಉಳ್ಳವರು ಕೇಳಿದರೆ ಆಗುತ್ತದೆ.

ಗದಗ ತಾಲೂಕಿನ ಕಣಗಿನಹಾಳ ಇದಕ್ಕೆ ಬಹಳ ಹಿಂದೆಯೇ ದಾರಿ ತೋರಿಸಿದ ಊರು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ಏಷ್ಯಾದಲ್ಲೇ ಮೊದಲನೆಯದೆಂದು ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆಯ ಆಚೆಗೆ ಗಮನಿಸಬೇಕಾದ ಸಂಗತಿ 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯಲ್ಲಿದೆ. ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಅದರ ಸಾಲಕ್ಕೆ ಸದಸ್ಯರೆಲ್ಲರ ಆಸ್ತಿಯೂ ಹೊಣೆ. ಎರಡೆಕರೆಯವನು ಸಾಲ ಪಡೆದು ಸೋತರೆ ನೂರೆಕರೆಯ ಗೌಡರ ಹೊಲಕ್ಕೂ ಬಿಸಿ ತಟ್ಟುವ ಏರ್ಪಾಡು. ಹಾಗಿದ್ದ ಮೇಲೆ ಎರಡೆಕರೆಯವನ ಮಳೆ, ಬೆಳೆ, ಎತ್ತು, ಕಾಯಿಲೆ ಎಲ್ಲವನ್ನೂ ಉಳ್ಳವರು ವಿಚಾರಿಸಲೇಬೇಕಾಯಿತು. ಬಡ್ಡಿ ಸಾಹುಕಾರನಿಗೆ ಆ ಜರೂರು ಇರಲಿಲ್ಲ, ರೈತ ಸೋತರೆ ಹೊಲ ಅವನ ಕೈಗೆ ಬರುತ್ತಿತ್ತು. ಗೌಡಕಿಯ ಜೋರಿನ ಕಾಲದಲ್ಲಿ ಗೌಡರೊಬ್ಬರು ಇಂಥ ಕಟ್ಟುಪಾಡಿಗೆ ತಾವಾಗಿ ಒಳಪಟ್ಟದ್ದು ದಾನಕ್ಕಿಂತ ದೊಡ್ಡ ಕೆಲಸ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪೇಟೆಯಲ್ಲಿ ಇದೇ ಅಂತಃಕರಣ ಕಾರಣ ಹೇಳುವುದರಲ್ಲಿ ಕಾಣುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದೇ ಊರಿನ ಇಬ್ಬರ ಡಬ್ಬಿ ತಳಿಯ ಕಾಯಿಗೆ ಬೇರೆ ಬೇರೆ ದರ ಬೀಳುತ್ತದೆ. ತೇವ ಹೆಚ್ಚಿದ್ದರೆ ಚೀಲದಲ್ಲಿ ಬೂಸ್ಟು ಹಿಡಿಯುತ್ತದೆ, ಬಣ್ಣ ಕಂದುತ್ತದೆ, ಅದಕ್ಕೆ ಖರೀದಿದಾರರು ಇಳಿಸಿ ಬರೆಯುತ್ತಾರೆ. ಕಾರಣ ನ್ಯಾಯವೇ ಇರಬಹುದು. ಆದರೆ ರಾತ್ರಿಯಿಡೀ ಚೀಲದ ಮೇಲೆ ಮಲಗಿ ಕಾದ ರೈತನಿಗೆ ಪರದೆಯ ಮೇಲಿನ ಅಂಕಿ ಮಾತ್ರ ಕಾಣುತ್ತದೆ. ಕಾಯಿಯನ್ನು ಅವನ ಅಂಗೈಯಲ್ಲಿಟ್ಟು, ಮಡಚಿ ತೋರಿಸಿ, ‘ನೋಡು ಕಾಕಾ, ಮಡಚಿದ್ರ ಮುರಿಯವೊಲ್ದು, ಇನ್ನ ಎರಡ ದಿವಸ ಒಣಗಬೇಕಾಗಿತ್ತು’ ಎಂದು ದಲಾಲರು ಹೇಳಿದರೆ ಒಂದು ನಿಮಿಷ ಹಿಡಿಯುತ್ತದೆ. 2024ರ ಮಾರ್ಚ್ 11ರಂದು ದರ ಕುಸಿದಾಗ ಅಲ್ಲಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನ ಸುಟ್ಟದ್ದನ್ನು ಯಾರೂ ಸಮರ್ಥಿಸಲಾರರು. ದರ ಬೀಳುವುದನ್ನು ದಲಾಲರು ತಡೆಯಲಾರರು, ಬಿದ್ದದ್ದು ಯಾಕೆ ಎಂದು ಹೇಳುವುದು ಅವರ ಕೈಯಲ್ಲಿದೆ.

ಮನೆಗೆಲಸದವರ ಮಾತಿಗೆ ಎರಡೇ ಸಾಲು. ಪಗಾರ ಕೊಡುವ ತಾರೀಖು ಒಂದೇ ಇರಲಿ, ನಾವು ಊರಿಗೆ ಹೋದ ದಿನಗಳ ಪಗಾರ ಹಿಡಿಯಬೇಡಿ. ರಜೆ ನಮ್ಮದು, ಆಕೆಯದಲ್ಲ.

ಮಂಜೂರಾತಿ ಪತ್ರ ಬಂದ ದಿನ ಸಹಾಯ ಮಾಡಿದವರೆಲ್ಲ ಕೈತೊಳೆದುಕೊಳ್ಳುತ್ತಾರೆ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ರೊಕ್ಕ ಬರುವುದು ಅರ್ಜಿಯಲ್ಲಿ ಬರೆದ ಖಾತೆಗಿಂತ ಹೆಚ್ಚಾಗಿ ಆಧಾರಿಗೆ ಕೊನೆಯಲ್ಲಿ ಜೋಡಿಸಿದ ಖಾತೆಗೆ. ಆಕೆ ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಅಲ್ಲೂ ಆಧಾರ್ ಜೋಡಿಸಿದ್ದರೆ ವೇತನ ಸದ್ದಿಲ್ಲದೆ ಅಲ್ಲಿಗೆ ಹೋಗುತ್ತಿರುತ್ತದೆ. ಹಳೆಯ ಪಾಸ್‌ಬುಕ್ಕು ತುಂಬಿಸಿ ನೋಡಿ ‘ನಂದು ಬಂದ್ ಮಾಡ್ಯಾರ’ ಎಂದು ಆಕೆ ಮತ್ತೆ ನಾಡಕಚೇರಿಯ ಸರದಿಯಲ್ಲಿ ನಿಲ್ಲುತ್ತಾಳೆ, ಮತ್ತೆ 370 ರೂಪಾಯಿ ಹೋಗುತ್ತದೆ. ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಆಧಾರ್ ವೆಬ್‌ಸೈಟಿನಲ್ಲಿ ನೋಡಿ, ಓಟಿಪಿ ಬಂದರೆ ಎರಡು ನಿಮಿಷದ ಕೆಲಸ. ಆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕು ತುಂಬಿಸಿ. ಬೇರೆ ಖಾತೆಯೇ ಬೇಕೆಂದರೆ ಆ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಫಾರಂ ತುಂಬಿ ಕೊಡಿ. ಮೂರು ತಿಂಗಳು ಸತತವಾಗಿ ರೊಕ್ಕ ಬಂದದ್ದು ಪಾಸ್‌ಬುಕ್ಕಿನಲ್ಲಿ ಕಂಡ ಮೇಲೆ, ಆ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆಕೆಯ ಕೈಗೇ ಕೊಡಿ, ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ.