ಗೋದಲಿಯೊಳಗೆ ಯಾರು, ಯಾವಾಗ?

ನಮ್ಮ ಹೈಸ್ಕೂಲಿನಲ್ಲಿ ಕ್ರಿಸ್ಮಸ್ ಗೋದಲಿಯ, ಅಂದರೆ ಯೇಸು ಹುಟ್ಟಿದ ದೃಶ್ಯವನ್ನು ಬೊಂಬೆಗಳಲ್ಲಿ ಜೋಡಿಸುವ, ಕೆಲಸ ಭತ್ತ ನೆನೆಹಾಕುವುದರಿಂದ ಶುರುವಾಗುತ್ತಿತ್ತು. ಡಿಸೆಂಬರ್ 12ರ ಸುಮಾರಿಗೆ ಒಂದು ಹಗಲು, ಒಂದು ರಾತ್ರಿ ನೆನೆಸಿ, ಗೋಣಿಯಲ್ಲಿ ಕಟ್ಟಿ ಮೊಳಕೆ ಬರಿಸಿ, ಮಣ್ಣು ತುಂಬಿದ ತೆಂಗಿನ ಚಿಪ್ಪುಗಳಲ್ಲಿ ಒತ್ತೊತ್ತಾಗಿ ಚೆಲ್ಲಬೇಕು. 24ರ ಹೊತ್ತಿಗೆ ನಾಲ್ಕು ಬೆರಳೆತ್ತರದ ಹಸಿರು. ಕತ್ತಲೆಯಲ್ಲಿಟ್ಟರೆ ಸಸಿ ಹಳದಿಯಾಗಿ ಬಾಗುತ್ತದೆ. ಕಣ್ಣಿಲ್ಲದ ಚಿಪ್ಪಿಗೆ ತೂತು ಕೊರೆಯದಿದ್ದರೆ ನೀರು ನಿಂತು ಬೂಸು ಹಿಡಿಯುತ್ತದೆ.

ಗೋದಲಿಯ ಬೆಟ್ಟಕ್ಕೆ ಸಿಮೆಂಟ್ ಚೀಲದ ಕಾಗದ, ಅದಕ್ಕೆ ಮೈದಾ ಅಂಟು. ಅಂಟು ಕುದಿಯುವಾಗ ಚಿಟಿಕೆ ಮೈಲುತುತ್ತ ಹಾಕದಿದ್ದರೆ ಹಬ್ಬಕ್ಕೆ ಮೊದಲೇ ಜಿರಲೆಗಳು ಬೆಟ್ಟ ತಿಂದು ಮುಗಿಸುತ್ತವೆ. ನಕ್ಷತ್ರಕ್ಕೆ ಹತ್ತು ಬಿದಿರ ಸೀಳು: ಐದೈದರಲ್ಲಿ ಒಂದೊಂದು ಚುಕ್ಕಿ ಹೆಣೆದು, ಎರಡನ್ನೂ ಐದು ತುದಿಗಳಲ್ಲಿ ಕಟ್ಟಿ, ಒಳಗೆ ಸೀಳುಗಳು ಕೂಡುವಲ್ಲಿ ಐದು ಗಿಡ್ಡ ಕಡ್ಡಿ ಕೊಟ್ಟರೆ ಹೊಟ್ಟೆ ಉಬ್ಬುತ್ತದೆ. ಸೀಳುಗಳ ಉದ್ದ ಒಂದೇ ಇರದಿದ್ದರೆ ಕಾಗದ ಸುಕ್ಕಾಗುತ್ತದೆ.

ಇಷ್ಟು ಕೈಕೆಲಸ. ಬೊಂಬೆಗಳ ವಿಷಯಕ್ಕೆ ಬಂದರೆ ಧರ್ಮೋಪದೇಶದ ಸಿಸ್ಟರ್ ಬಹಳ ಬಿಗಿ. ನಾವು ಗೋದಲಿಯಲ್ಲಿ ನೋಡುವುದು ಎರಡು ಸುವಾರ್ತೆಗಳ (ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಪುಸ್ತಕಗಳ) ಕಥೆ ಎಂದು ಅವರು ಮೊದಲೇ ಹೇಳಿಬಿಡುತ್ತಿದ್ದರು. ಜನಗಣತಿ, ಕುರುಬರು, ಕೂಸು ಮಲಗಿದ ಗೋದಲಿ ಎಂಬ ಮೇವಿನ ತೊಟ್ಟಿ ಲೂಕನವು. ನಕ್ಷತ್ರ, ಅದನ್ನು ನೋಡಿ ಮೂಡಣದಿಂದ ಬಂದ ಜೋಯಿಸರು, ಅರಸ ಹೆರೋದ, ಈಜಿಪ್ಟಿಗೆ ಓಡಿದ್ದು ಮತ್ತಾಯನವು. ಎತ್ತು, ಕತ್ತೆ ಇಬ್ಬರ ಜನನದ ಕಥೆಯಲ್ಲೂ ಇಲ್ಲ. ತನ್ನ ಒಡೆಯನನ್ನು ಎತ್ತು ಬಲ್ಲದು, ಯಜಮಾನನ ಗೋದಲಿಯನ್ನು ಕತ್ತೆ ಬಲ್ಲದು ಎಂಬ ಪ್ರವಾದಿ ಯೆಶಾಯನ ಮಾತಿನಿಂದ ಒಳಗೆ ಬಂದವು. ಇಟಲಿಯ ಗ್ರೆಚ್ಚೊದಲ್ಲಿ 1223ರಲ್ಲಿ ಸಂತ ಫ್ರಾನ್ಸಿಸ್ ಹುಲ್ಲಿನ ಗೋದಲಿ ಇಡಿಸಿದಾಗ ನಿಜವಾದ ಎತ್ತು ಕತ್ತೆಗಳನ್ನೇ ತರಿಸಿದ್ದರು.

ಕೂಸನ್ನು 24ರ ಮಧ್ಯರಾತ್ರಿಯವರೆಗೆ ಇಡುವಂತಿಲ್ಲ. ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲದ ನಾಲ್ಕು ಭಾನುವಾರ ಕಾಯುವ ಕ್ರೈಸ್ತ ಸಭೆಗೆ ಹುಲ್ಲು ಮಾತ್ರ ಕಾಣಬೇಕು. ಬೇಗಡೆ ಹಾರ ತೊಟ್ಟಿಯ ಮೇಲೆ ಬೀಳುವಂತಿಲ್ಲ. ಲೂಕನಲ್ಲಿ ದೂತ ಕುರುಬರಿಗೆ ಕೊಡುವ ಗುರುತೇ ಅದು: ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸು. ಮೇವಿನ ತೊಟ್ಟಿಯಲ್ಲಿ ಮಗು ಎಂದರೆ ದನಕುರಿ ಕಾಯುವವನಿಗೆ ಎಲ್ಲಿ ಹುಡುಕಬೇಕೆಂದು ಬೇರೆ ಹೇಳಬೇಕಿಲ್ಲ. ದೇವರು ಮನುಷ್ಯನಾದ ಎಂಬ ನಂಬಿಕೆಯ ತಿರುಳು ನನಗೆ ಈ ತೊಟ್ಟಿಯಲ್ಲಿದೆ. ಅದನ್ನು ಮಿಂಚುಕಾಗದದಲ್ಲಿ ಮುಚ್ಚುವ ಇಂದಿನ ಗೋದಲಿಗಳು, ಎಷ್ಟು ದುಬಾರಿಯಾದರೂ, ಗುರುತನ್ನೇ ಅಳಿಸುತ್ತವೆ.

ಜೋಯಿಸರನ್ನು ಮೊದಲ ದಿನ ಬೆಟ್ಟದ ಆಚೆ ಬದಿಯಲ್ಲಿ ನಿಲ್ಲಿಸಿ, ದಿನಕ್ಕೆ ಒಂದು ಗೇಣು ಸರಿಸಿ, ಜನವರಿ 6ಕ್ಕೆ ತಲುಪಿಸಬೇಕು. ಮೂವರೆಂದು ಮತ್ತಾಯ ಬರೆದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಲೆಕ್ಕ ಹಾಕಿದ್ದು. ಅವರು ಬಂದದ್ದು ಮನೆಗೆ ಎನ್ನುತ್ತಾನೆ ಅವನು, ಕೊಟ್ಟಿಗೆಗೆ ಎಂದಲ್ಲ.

ಬೇರೆಡೆ ನಾನು ಕಾಣದ ಒಂದು ವಸ್ತು ನಮ್ಮ ಬೆಟ್ಟದ ತುದಿಯಲ್ಲಿತ್ತು: ರಟ್ಟಿನ ಕೋಟೆ. ಬೆತ್ಲೆಹೇಮಿನ ಆಗ್ನೇಯಕ್ಕೆ ಸುಮಾರು 5 ಕಿ.ಮೀ. ದೂರದಲ್ಲಿ ಹೆರೋದ ಕಟ್ಟಿಸಿದ ಹೆರೋದಿಯಮ್ ಕೋಟೆ ಇದೆ. ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದನೆಂದು ಮತ್ತಾಯ ಹೇಳುವ ಅರಸನೂ ಈ ಕಥೆಯವನೇ. ಸಭೆ ಡಿಸೆಂಬರ್ 28ರಂದು, ಕ್ರಿಸ್ಮಸ್ಸಿನ ಮೂರೇ ದಿನಕ್ಕೆ, ಆ ಮಕ್ಕಳನ್ನು ಸ್ಮರಿಸುತ್ತದೆ. ಅಂದು ಕೋಟೆಯ ಬಲ್ಬ್ ಮಾತ್ರ ಉರಿಯುತ್ತಿತ್ತು. ಯೇಸು ಭಯದಲ್ಲಿ ಹುಟ್ಟಿ, ಗಡಿ ದಾಟಿ ಬದುಕುಳಿದ ಮಗು ಎಂಬುದು ಎಂಟನೇ ಕ್ಲಾಸಿನವರಿಗೂ ತಿಳಿಯುತ್ತಿತ್ತು.

ಬಲ್ಬಿನ ಬಗ್ಗೆ ಒಂದು ಮಾತು: 40 ವ್ಯಾಟಿನದು ಬೈಹುಲ್ಲಿಗೆ ತಾಗಿದರೆ ಹುಲ್ಲು ಕಂದುತ್ತದೆ, ಹೊತ್ತಿಕೊಳ್ಳಲೂಬಹುದು. ಗೇಣುದ್ದ ಅಂತರ ಬಿಡಿ. ಈಗ ಎಲ್‌ಇಡಿ ಹಾಕುವುದೇ ಲೇಸು. ಬಿಚ್ಚುವಾಗ ಹುಲ್ಲು, ಭತ್ತದ ಸಸಿ ಹಟ್ಟಿಗೆ ಹೋಗಲಿ. ಅಂಟಿನ ಕಾಗದ ಮಾತ್ರ ಬೇರೆ ಇಡಿ, ಮೈಲುತುತ್ತ ದನದ ಹೊಟ್ಟೆಗೆ ವಿಷ.