ನಾಯಿ ಊಟದ ತಳದಲ್ಲಿ ಕೂರುವ ಬಿಳಿ ಮರಳು: ಕೊನೆಗೂ ಹಿಡಿತಕ್ಕೆ ಸಿಕ್ಕಿತು

ಕೋಳಿ ಎಷ್ಟು ಬೇಯಬೇಕು, ಅನ್ನ ಎಷ್ಟು ಮೆತ್ತಗಾಗಬೇಕು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಹತ್ತಿರ ಸುಳಿಯಬಾರದು, ಬೇಯಿಸಿದ ಮೂಳೆ ಕೊಡಬಾರದು ಅನ್ನೋದೂ ಎಲ್ಲರಿಗೂ ಗೊತ್ತು. ಈ ಸಲದ್ದೆಲ್ಲ ಮನೆಯಲ್ಲಿ ಮಾಡುವ ನಾಯಿ ಊಟಕ್ಕೆ ಕ್ಯಾಲ್ಸಿಯಂಗಾಗಿ ಹಾಕುವ ಮೊಟ್ಟೆ ಚಿಪ್ಪಿನ ಪುಡಿಯ ಮಾತು. ಮುಂಬಯಿಯ ಮಳೆಗಾಲದಲ್ಲಿ ಇಷ್ಟು ಕಾಡಿದ ಇನ್ನೊಂದು ಸಾಮಗ್ರಿ ಇಲ್ಲ.

ಮೊದಲು ಲೆಕ್ಕ. 20 ಕೆಜಿ ತೂಕದ, ಸಂತಾನಹರಣ ಆದ, ವಯಸ್ಕ ಬೀದಿತಳಿ ನಾಯಿ. ತೂಕದ 0.75ನೇ ಘಾತವನ್ನು 70ರಿಂದ ಗುಣಿಸಿದರೆ 660 ಚಿಲ್ಲರೆ ಕ್ಯಾಲರಿ, ಅದಕ್ಕೆ 1.6 ಗುಣಿಸಿದರೆ ದಿನಕ್ಕೆ ಸುಮಾರು 1,060. ಇದಕ್ಕೆ ಹಸಿ ತೂಕದಲ್ಲಿ ಚರ್ಮ, ಮೂಳೆ ತೆಗೆದ ಕೋಳಿ ತೊಡೆ 350 ಗ್ರಾಂ, ಕಲೇಜಿ (ಲಿವರ್) 20 ಗ್ರಾಂ, ಅಕ್ಕಿ 110 ಗ್ರಾಂ, ಸಿಹಿಗುಂಬಳ 100 ಗ್ರಾಂ, ಬೀನ್ಸ್ ಮತ್ತು ಕ್ಯಾರೆಟ್ ಸೇರಿ 60 ಗ್ರಾಂ, ಒಂದು ಮೊಟ್ಟೆ, 50 ಗ್ರಾಂ ಬಂಗುಡೆ, ಒಂದೂವರೆ ಟೀ ಚಮಚ ಎಣ್ಣೆ. ಕಲೇಜಿ ಅಗ್ಗ ಅಂತ ಹೆಚ್ಚಿಸಬೇಡಿ, ಎ ವಿಟಮಿನ್ ಮಿತಿಮೀರುತ್ತದೆ.

ಇಷ್ಟರಲ್ಲಿ ರಂಜಕ (ಫಾಸ್ಫರಸ್) ಸುಮಾರು 1,100 ಮಿಗ್ರಾಂ ಇದೆ, ಕ್ಯಾಲ್ಸಿಯಂ ಬರೀ 140ರ ಆಸುಪಾಸು. ತೊಂದರೆಯ ಬೇರು ಇಲ್ಲಿದೆ. ಕ್ಯಾಲ್ಸಿಯಂ ರಂಜಕಕ್ಕೆ ಸಮವಾಗಿಯಾದರೂ ಇರಬೇಕು, ಎರಡರಷ್ಟನ್ನು ದಾಟಬಾರದು. ಕೊರತೆ ಬಿದ್ದರೆ ನಾಯಿಯ ದೇಹ ತನ್ನ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ, ಹೊರಗೆ ತಿಂಗಳುಗಟ್ಟಲೆ ಏನೂ ಕಾಣಿಸುವುದಿಲ್ಲ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘ ಆಫ್ಕೋದ (AAFCO) ಮಾನದಂಡ 1,000 ಕ್ಯಾಲರಿಗೆ ಕನಿಷ್ಠ 1.25 ಗ್ರಾಂ ಕ್ಯಾಲ್ಸಿಯಂ ಕೇಳುತ್ತದೆ. ಚಿಪ್ಪಿನ ತೂಕದಲ್ಲಿ ಸುಮಾರು 38 ಶೇಕಡಾ ಕ್ಯಾಲ್ಸಿಯಂ. ಹಾಗಾಗಿ ಈ ನಾಯಿಗೆ ದಿನಕ್ಕೆ 3.3 ಗ್ರಾಂ ಪುಡಿ, ಒಟ್ಟು 1.4 ಗ್ರಾಂ ಕ್ಯಾಲ್ಸಿಯಂ.

“ರಾಗಿ ಹಾಕಿದರೆ ಆಗೋದಿಲ್ವಾ?” ನಮ್ಮವರು ಮೊದಲು ಕೇಳೋದು ಇದನ್ನೇ. 100 ಗ್ರಾಂ ರಾಗಿಯಲ್ಲಿ 350 ಮಿಗ್ರಾಂ ಆಸುಪಾಸು ಇದೆ. ಜೊತೆಗೇ ರಂಜಕವೂ ಇದೆ, ಕ್ಯಾಲ್ಸಿಯಂ ಹೀರದಂತೆ ತಡೆಯುವ ಫೈಟೇಟೂ ಇದೆ. ಅಕ್ಕಿಯ ಬದಲಿಗೆ ರಾಗಿ ಆದೀತು, ಚಿಪ್ಪಿನ ಬದಲಿಗೆ ಆಗದು. ಮೆಡಿಕಲ್‌ನಲ್ಲಿ ಸಿಗುವ ಮನುಷ್ಯರ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಡಿ3 ವಿಟಮಿನ್ ಸೇರಿರುತ್ತದೆ, ಅದನ್ನು ಅಂದಾಜಿನಲ್ಲಿ ಹಾಕುವುದು ಅಪಾಯ.

ಈಗ ಮರಳಿನ ವಿಷಯ. ನಾಲ್ಕು ದಿನದ ಊಟ ಒಂದೇ ದಬರಿಯಲ್ಲಿ ಮಾಡಿ ಪುಡಿಯನ್ನು ಕೊನೆಗೆ ಕಲಸಿದರೆ, ಅದು ನೇರ ತಳಕ್ಕೆ ಇಳಿಯುತ್ತದೆ. ಚಿಪ್ಪು ನೀರಿಗಿಂತ ಎರಡೂವರೆ ಪಟ್ಟು ಭಾರ, ನೀರಿನಲ್ಲಿ ಕರಗುವುದಿಲ್ಲ, ಕೋಳಿ ಬೆಂದ ಸಾರು ತೆಳ್ಳಗಿರುತ್ತದೆ. ಮೊದಲ ಡಬ್ಬಿಗೆ ಏನೂ ಇಲ್ಲ, ಕೊನೆಯ ಡಬ್ಬಿಯಲ್ಲಿ ಎಲ್ಲವೂ. ಆ ಕೊನೆಯ ಡಬ್ಬಿ ತಿಂದ ಮರುದಿನ ಕಕ್ಕ ಸೀಮೆಸುಣ್ಣದ ತುಂಡಿನಂತೆ ಬಿಳಿಚಿ, ಗಟ್ಟಿಯಾಗಿ ಬರುತ್ತದೆ. ಪರೀಕ್ಷೆ ಸುಲಭ: ಮೇಲಿನಿಂದ ಒಂದು ಚಮಚ, ತಳದಿಂದ ಒಂದು ಚಮಚ ಎರಡು ಲೋಟಕ್ಕೆ ಹಾಕಿ ಬಿಳಿ ವಿನೆಗರ್ ಸುರಿಯಿರಿ. ತಳದ್ದು ಬುಸಬುಸ ನೊರೆ ಬಂದು ಮೇಲಿನದು ಸುಮ್ಮನಿದ್ದರೆ ನಿಮ್ಮಲ್ಲೂ ಇದೇ ಕತೆ.

ಬಿಡಿಸಿದ್ದು ಎರಡು ಬದಲಾವಣೆ.

ಒಂದು, ನುಣುಪು. ಕಣದ ಗಾತ್ರ ಅರ್ಧವಾದರೆ ಮುಳುಗುವ ವೇಗ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಚಿಪ್ಪನ್ನು ತೊಳೆದು 10 ನಿಮಿಷ ಕುದಿಸಿ, ಓವನ್‌ನಲ್ಲಿ 120 ಡಿಗ್ರಿಗೆ 20 ನಿಮಿಷ ಒಣಗಿಸಿ. ಜುಲೈಯಲ್ಲಿ ಬಾಲ್ಕನಿ ಬಿಸಿಲನ್ನು ನಂಬಿದರೆ ಒಳಪೊರೆ ಒದ್ದೆ ಉಳಿದು, ಡಬ್ಬ ತೆರೆದಾಗ ನಾತ ಬರುತ್ತದೆ, ಪುಡಿ ಉಂಡೆಗಟ್ಟುತ್ತದೆ. ಗರಿಗರಿ ಆದಮೇಲೆ ಚಟ್ನಿ ಜಾರಿಗೆ ಕನಿಷ್ಠ 15 ಚಿಪ್ಪು ಒಟ್ಟಿಗೆ ಹಾಕಿ. ಅದಕ್ಕಿಂತ ಕಮ್ಮಿಯಾದರೆ ಬ್ಲೇಡಿಗೆ ಸಿಗದೆ ಗೋಡೆಗೆ ಹತ್ತಿ ಕೂರುತ್ತದೆ. 20 ಸೆಕೆಂಡು ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ. ಧೂಳು ಕೂರುವವರೆಗೆ ಮುಚ್ಚಳ ತೆಗೆಯಬೇಡಿ, ಅದು ಶ್ವಾಸಕ್ಕೆ ಹೋಗುವಂಥದ್ದಲ್ಲ. ಆಮೇಲೆ ವಸ್ತ್ರಗಾಳಿತ. ಮೈದಾ ಜರಡಿ ಸಾಲದು, ಎರಡು ಮಡಿಕೆ ಮಲ್‌ಮಲ್ ಬಟ್ಟೆಯೇ ಬೇಕು. ಬೆರಳ ನಡುವೆ ಉಜ್ಜಿದಾಗ ಟಾಲ್ಕಂ ಹಾಗಿರಬೇಕು.

ಎರಡನೆಯದು ಇನ್ನೂ ಮುಖ್ಯ: ದಬರಿಗೆ ಹಾಕುವುದನ್ನೇ ಬಿಡಿ. ಸಿಹಿಗುಂಬಳವನ್ನು ನೀರಿನಲ್ಲಿ ಬೇಯಿಸದೆ ಹಬೆಯಲ್ಲಿ ಬೇಯಿಸಿ, ಗಟ್ಟಿಯಾಗಿ ಹಿಸುಕಿ. ಪ್ರತಿ ಹೊತ್ತಿನ ಡಬ್ಬಿಗೆ (ದಿನಕ್ಕೆ ಎರಡು ಹೊತ್ತು) 50 ಗ್ರಾಂ ಹಿಸುಕಿದ ಕುಂಬಳಕ್ಕೆ 1.6ರಿಂದ 1.7 ಗ್ರಾಂ ಪುಡಿ ಕಲಸಿ, ಆ ಮುದ್ದೆಯನ್ನು ಆರಿದ ಊಟದ ಮೇಲಿಟ್ಟು ಫ್ರೀಜ್ ಮಾಡಿ. ಗಟ್ಟಿ ಮುದ್ದೆಯೊಳಗೆ ಕಣ ಕದಲುವುದಿಲ್ಲ. ಕರಗಿಸಿ ಕೊಡುವಾಗ ಕಲಸಿದರಾಯಿತು. ಮೊಸರಿನಲ್ಲಿ ಕಲಸಿ ಇಡಬೇಡಿ, ಹುಳಿಗೆ ನೊರೆ ಎದ್ದು ಡಬ್ಬಿ ಉಬ್ಬುತ್ತದೆ.

1 ಗ್ರಾಂ ಹೆಜ್ಜೆಯ ಅಡುಗೆ ತಕ್ಕಡಿ ಇದಕ್ಕೆ ನಿಷ್ಪ್ರಯೋಜಕ: 1.6 ಹಾಕಿದರೂ 2, 2.4 ಹಾಕಿದರೂ 2. ಅಕ್ಕಸಾಲಿಗರ ಪಾಕೆಟ್ ತಕ್ಕಡಿ ತೆಗೆದುಕೊಳ್ಳಿ.

ಮಳೆಗಾಲದಲ್ಲೇ ಹೇಳಬೇಕಾದ ಎಚ್ಚರಿಕೆ ಒಂದಿದೆ. ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ಡಾಕ್ಟರು ಡಾಕ್ಸಿಸೈಕ್ಲಿನ್ ಕೊಟ್ಟಿದ್ದರೆ, ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಂಡು ಔಷಧ ಹೀರದಂತೆ ಮಾಡುತ್ತದೆ. ಚಿಪ್ಪು ಹಾಕುತ್ತಿದ್ದೇವೆ ಅಂತ ಹೇಳಿ, ಎರಡರ ನಡುವಿನ ಅಂತರ ಕೇಳಿಕೊಳ್ಳಿ. ದೊಡ್ಡ ತಳಿಯ ಮರಿಗಳಿಗೆ ಈ ಲೆಕ್ಕ ಬೇಡವೇ ಬೇಡ. ಮರಿಗಳ ಕರುಳು ಹೆಚ್ಚಾದ ಕ್ಯಾಲ್ಸಿಯಂ ತಡೆಯಲಾರದು, ಎಲುಬು ವಕ್ರವಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದರೂ ಡಾಕ್ಟರ ಲೆಕ್ಕವೇ ಆಗಬೇಕು. ಚಿಪ್ಪು ತುಂಬುವುದು ಕ್ಯಾಲ್ಸಿಯಂ ಒಂದನ್ನೇ. ಸತು, ಅಯೋಡಿನ್, ಇ ಮತ್ತು ಡಿ ವಿಟಮಿನ್ ಇನ್ನೂ ಬಾಕಿ, ಅದಕ್ಕೆ ಪಶುವೈದ್ಯರ ಹತ್ತಿರ ಈ ಇಡೀ ಪಟ್ಟಿ ಒಯ್ಯಿರಿ.

ಇನ್ನು ಅಂಗಡಿಯವರು. ಶ್ರಾವಣಕ್ಕೆ ಮುಂಚೆ ಎಲ್ಲರೂ ಮಾಂಸದಂಗಡಿಗೆ ಮುಗಿಬೀಳುವ ಗಟಾರಿ ವಾರದಲ್ಲಿ ಕೋಳಿ ಕೀಮಾ ತರಬೇಡಿ. ಆ ನೂಕುನುಗ್ಗಲಿನಲ್ಲಿ ಚರ್ಮವೂ ಯಂತ್ರಕ್ಕೆ ಹೋಗುತ್ತದೆ. 350 ಗ್ರಾಂ ಕೀಮಾದಲ್ಲಿ 50 ಗ್ರಾಂ ಚರ್ಮ ಸೇರಿದರೆ ನೂರಕ್ಕೂ ಹೆಚ್ಚು ಕ್ಯಾಲರಿ ಏರಿತು. ಮೇದೋಜ್ಜೀರಕ ಗ್ರಂಥಿ ಸೂಕ್ಷ್ಮ ಇರುವ ನಾಯಿಗೆ ಇದು ವಾಂತಿಗೆ ಸಾಕು. ತೊಡೆ ತೂಗಿಸಿ, ಕಣ್ಣೆದುರಿಗೆ ಚರ್ಮ ತೆಗೆಸಿ, ಮನೆಯಲ್ಲಿ ಕತ್ತರಿಸಿ. ಕುಂಬಳವನ್ನೂ ಪ್ಲಾಸ್ಟಿಕ್ ಸುತ್ತಿಟ್ಟ ಹೋಳಾಗಿ ಕೊಡುತ್ತಾರೆ, ಒಳಗೆಲ್ಲ ಲೋಳೆ. ಇಡೀ ಕಾಯಿಂದ ಕೊಯ್ಯಿಸಿ.

ಮುಂದಿನದು ಬೂತಾಯಿ ಮೀನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಸಿಗುವುದು ಹೆಚ್ಚಾಗಿ ಹಳೇ ಐಸಿನ ಮಾಲು. ದೋಣಿ ಇಳಿದಮೇಲೆ ಬೆರಳುದ್ದದ್ದು ತಂದು, ತಲೆ, ಕರುಳು ತೆಗೆದು, ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ 50 ನಿಮಿಷ ಇಡುವ ಯೋಜನೆ. ಬೆನ್ನುಮೂಳೆ ಬೆರಳಲ್ಲಿ ಹಿಟ್ಟಾಗಬೇಕು, ಒಂದೇ ಒಂದು ಚುಚ್ಚಿದರೂ ಮತ್ತೆ ಕುಕ್ಕರಿಗೆ. ಹಿಟ್ಟಾದರೆ ಆ ಮೂಳೆಯೇ ಕ್ಯಾಲ್ಸಿಯಂ, ಆದರೆ ಅದರಲ್ಲಿ ರಂಜಕವೂ ಬರುವುದರಿಂದ 1.6 ಗ್ರಾಂನ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಅಲ್ಲಿವರೆಗೆ ಚಿಪ್ಪು ಎಸೆಯಬೇಡಿ.